ಜ್ಞಾನದೇವನ ಇಪ್ಪತ್ತಮೂರು ವಿಮಾನಗಳು

ಅಲಖನೂರಿನ ಜ್ಞಾನದೇವನಿಗೆ ಒಂದು ಸ್ವಭಾವವಿತ್ತು. ಯಾರು ಏನು ಕೇಳಿದರೂ ಕೇಳಿದಷ್ಟಕ್ಕೇ ಉತ್ತರ ಕೊಡುತ್ತಿದ್ದ. ಅದಕ್ಕಿಂತ ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಮ್ಮೆ ಊರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪರಸ್ಥಳದವರು, "ರಾಯಬಾಗದ ಬಸ್ಸು ಹೋತೇನ್ರಿ?" ಎಂದು ಕೇಳಿದರು. "ಇಲ್ರಿ" ಎಂದ ಜ್ಞಾನದೇವ. ಆ ಮನುಷ್ಯ ಎರಡು ತಾಸು ಬಿಸಿಲಿನಲ್ಲಿ ಕಾದ. ಆ ದಿನ ಬಸ್ಸುಗಳೆಲ್ಲ ಬಂದ್ ಇದ್ದವು. ಅದನ್ನು ಅವನು ಕೇಳಿರಲಿಲ್ಲ.

ಇದು ಜ್ಞಾನದೇವನ ತಪ್ಪಲ್ಲ, ಅವನ ಕೆಲಸದ ತಪ್ಪು. ಹದಿನಾಲ್ಕು ವರ್ಷದಿಂದ ಅವನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗುವ ಗುಮಾಸ್ತ. ಟ್ರ್ಯಾಕ್ಟರ್ ಬಂದು ಕಾಟಾದ ಮೇಲೆ ನಿಲ್ಲುತ್ತದೆ, ಕಾಟಾ ಒಂದು ಅಂಕಿ ತೋರಿಸುತ್ತದೆ, ಇವನು ಅದನ್ನು ಬರೆಯುತ್ತಾನೆ. ಅಂಕಿ ಯಾಕೆ ಬಂತು, ಬರಬೇಕಿತ್ತೇ, ಬಂದದ್ದಕ್ಕೆ ಯಾರಿಗೆ ಬೇಸರವಾಯಿತು ಎಂಬ ವಿಚಾರ ಕಾಟಾಕ್ಕೂ ಇಲ್ಲ, ಅವನಿಗೂ ಇಲ್ಲ.

ಇಂಥವನಿಗೆ ವಿಮಾನದ ಹುಚ್ಚು ಹಿಡಿದದ್ದು ಕುಕ್ಕರಿನ ದೆಸೆಯಿಂದ. ಹೆಂಡತಿ ಉಜ್ವಲಾ ಕುಕ್ಕರಿನ ರಬ್ಬರ್ ತರಲು ಅವನನ್ನು ಕೊಲ್ಹಾಪುರಕ್ಕೆ ಕಳಿಸಿದ್ದಳು. ಅಲ್ಲಿ ಆಟಿಕೆಯ ಅಂಗಡಿಯೊಂದರ ಗಾಜಿನ ಹಿಂದೆ ಒಂದು ಡಬ್ಬಿ ಕಂಡಿತು. ಡಬ್ಬಿಯ ಮೇಲೆ ಹಳೆಯ ಮಹಾಯುದ್ಧದ ಒಂದು ವಿಮಾನ ಮೋಡ ಸೀಳಿಕೊಂಡು ಬರುತ್ತಿತ್ತು. ಒಳಗೆ ಬೂದಿ ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳು, ಕಡ್ಡಿಗೆ ಅಂಟಿಕೊಂಡ ಚೂರುಗಳು. ಚೂರುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿದರೆ ನಿಜವಾದ ವಿಮಾನದ ನೂರಾ ನಲವತ್ನಾಲ್ಕನೆಯ ಒಂದು ಪಾಲಿನ ವಿಮಾನ ಅಂಗೈಯಲ್ಲಿ ನಿಲ್ಲುತ್ತದೆಂದು ಅಂಗಡಿಯವನು ಹೇಳಿದ. ಜ್ಞಾನದೇವ ಅದನ್ನು ಕೊಂಡ. ಕುಕ್ಕರಿನ ರಬ್ಬರ್ ಮರೆತ.

ಕಬ್ಬಿನ ಹಂಗಾಮು ಮುಗಿದು ಕಾಟಾ ತಣ್ಣಗಾದ ಮೇಲೆ ಅವನು ಹಿತ್ತಲ ಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದ. ಇಪ್ಪತ್ತು ಟನ್ನಿನ ಟ್ರೇಲರುಗಳನ್ನು ತೂಗುವವನು ಐದೂವರೆ ಗ್ರಾಮಿನ ವಿಮಾನದ ಮುಂದೆ ಉಸಿರು ಬಿಗಿಹಿಡಿದು ಬಗ್ಗುತ್ತಿದ್ದ. ತಾಯಿ ರುಕ್ಮವ್ವ ಕಾಲಿನ ಮುಳ್ಳು ತೆಗೆಯಲು ಇಟ್ಟುಕೊಂಡಿದ್ದ ಚಿಮಟ ಅವನ ಕೈಗೆ ಹೋಯಿತು. ಉಜ್ವಲಾಳ ಉಗುರಿಗೆ ಹಚ್ಚಬೇಕಾದ ಕೆಂಪು ಬಣ್ಣ ವಿಮಾನಗಳ ಮೂತಿಗೆ ಹೋಯಿತು. ಎಮ್ಮೆಯ ಕಿವಿಯ ಕೂದಲು ಕುಂಚಕ್ಕೆ ಹೋಯಿತು. ಎಮ್ಮೆ ಒಂದೇ ಬಹಿರಂಗವಾಗಿ ಪ್ರತಿಭಟಿಸಿದ್ದು.

ಊರಲ್ಲಿ ಯಾರಿಗೂ ಅವನು ಇದನ್ನು ಹೇಳಿರಲಿಲ್ಲ. ಮೂವತ್ತೆಂಟು ವರ್ಷದ, ಮೀಸೆ ಇರುವ ಗಂಡಸು ಆಟಿಕೆ ಮಾಡುತ್ತಾನೆಂದು ಚಹಾದ ಅಂಗಡಿಗೆ ತಿಳಿದರೆ ಮುಂದೆ ಆ ಕಡೆ ಹಾಯುವಂತಿಲ್ಲ. ಮನೆಯವರಿಗೆ ಗೊತ್ತಿತ್ತು, ರಾಯಬಾಗದಲ್ಲಿದ್ದ ಸೋದರಮಾವ ಬಾಬಾಸಾಹೇಬನಿಗೂ ಅಷ್ಟಿಷ್ಟು ಗೊತ್ತಿತ್ತು. ಎಲ್ಲ ತೊಂದರೆ ಆ ಅಷ್ಟಿಷ್ಟರಿಂದಲೇ ಶುರುವಾಯಿತು.

ಎರಡು ಸಾವಿರದ ಹದಿಮೂರರ ಏಪ್ರಿಲ್. ಜ್ಞಾನದೇವನ ತಂಗಿ ನೀಲಮ ಕನ್ನಡ ಶಾಲೆಯ ಟೀಚರು. ಚಿಕ್ಕೋಡಿಯಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಅವಳಿಗೆ ನಿಪ್ಪಾಣಿಯ ವಿಕ್ರಾಂತ ಎಂಬ ಮಾಸ್ತರನ ಪರಿಚಯವಾಗಿತ್ತು. ಹತ್ತು ದಿನದ ತರಬೇತಿಯಲ್ಲಿ ಇಬ್ಬರೂ ಏನು ಕಲಿತರೋ ತಿಳಿಯದು. ಹನ್ನೊಂದನೆಯ ದಿನ ಮಾತ್ರ ಇಬ್ಬರೂ ಅವರವರ ಮನೆಯಲ್ಲಿ, ಬೇರೆ ಕಡೆ ನೋಡುವುದು ಬೇಡ ಎಂದು ಹೇಳಿಬಿಟ್ಟರು. ಮಾತುಕತೆಗೆ ಬಾಬಾಸಾಹೇಬ ಮಾವ ನಿಪ್ಪಾಣಿಗೆ ಹೋದ.

ಬಾಬಾಸಾಹೇಬನಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ನಿಜವನ್ನು ಅರ್ಧಕ್ಕೇ ನಿಲ್ಲಿಸುವ ಚಟವಿತ್ತು.

ವಿಕ್ರಾಂತನ ತಂದೆ ಕಾಕಾಸಾಹೇಬರು ತಂಬಾಕಿನ ದೊಡ್ಡ ವ್ಯಾಪಾರಿ. ಅವರು ಮಾತಾಡಿದರೆ ನಿಪ್ಪಾಣಿಯ ಅರ್ಧ ಪೇಟೆಗೆ ಕೇಳಿಸುತ್ತಿತ್ತು, ಉಳಿದ ಅರ್ಧಕ್ಕೆ ಅವರೇ ನಡೆದು ಹೋಗಿ ಹೇಳುತ್ತಿದ್ದರು. ಹುಡುಗಿಯ ಬಗ್ಗೆ ಅವರದೇನೂ ತಕರಾರಿರಲಿಲ್ಲ.

"ಹುಡುಗಿ ಛಲೋ ಅದಾಳ. ಆದ್ರ ಆಕಿ ಅಣ್ಣಾ ಕಬ್ಬ ತೂಗಾಂವ ಅಂತೀರಿ. ಅಹೋ, ಪ್ಯಾಟ್ಯಾಗ ಯಾರಾದ್ರೂ ಕೇಳಿದ್ರ ನಾ ಏನ ಹೇಳ್ಲಿ? ಬೀಗತನಾ, ಸೋಯರಿಕಿ ಅಂದ ಮ್ಯಾಲೆ ಹೇಳಿಕೊಳ್ಳಾಕ ಏನರೆ ಬೇಕಲಾ?"

ಬಾಬಾಸಾಹೇಬ ಚಹಾದ ಬಶಿ ಕೆಳಗಿಟ್ಟ. "ಕಬ್ಬ ತೂಗೂದು ಹೊಟ್ಟಿಗಿ ರೀ. ಅಂವಂದು ಖರೇ ಕೆಲಸ ಬ್ಯಾರೇನ ಐತಿ."

"ಏನದು?"

"ವಿಮಾನ ಕಟ್ಟತಾನ."

ಜೋಕಾಲಿಯ ಮೇಲೆ ತೂಗುತ್ತಿದ್ದ ಕಾಕಾಸಾಹೇಬರು ಕಾಲೂರಿ ನಿಂತರು. ಬಾಬಾಸಾಹೇಬನಿಗೆ ಮುಂದಿನ ಅರ್ಧ ಹೇಳುವ ಅಗತ್ಯ ಕಾಣಲಿಲ್ಲ. ಕೈ ಮುಗಿದು, ನಾಲ್ಕರ ಬಸ್ಸು ಹಿಡಿದು ಹೋದ.

ಮರುದಿನ ಬೆಳಿಗ್ಗೆ ಜ್ಞಾನದೇವನ ಮೊಬೈಲು ಸದ್ದು ಮಾಡಿತು. ಮನೆಯೊಳಗೆ ರೇಂಜ್ ಸಿಗದ ಕಾರಣ ಅವನು ಅಂಗಳದ ಗೋಡೆಗೆ ಆತು ನಿಂತು ಮಾತಾಡಿದ.

"ಹಲೋ, ಜ್ಞಾನದೇವ ಸಾಹೇಬ್ರೇನ್ರಿ? ನಾ ನಿಪ್ಪಾಣಿಯಿಂದ ಕಾಕಾಸಾಹೇಬ!"

ಹದಿನಾಲ್ಕು ವರ್ಷದ ಸೇವೆಯಲ್ಲಿ ಜ್ಞಾನದೇವನನ್ನು ಯಾರೂ ಸಾಹೇಬ್ರ ಎಂದು ಕರೆದಿರಲಿಲ್ಲ. ಟ್ರ್ಯಾಕ್ಟರಿನವರು ಅವನನ್ನು ಕರೆಯುತ್ತಿದ್ದುದು "ಏ ಕಾಟಾ" ಎಂದು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಹೌದ್ರಿ."

"ನೀವು ವಿಮಾನಾ ಕಟ್ಟತೀರಂತಲಾ, ಖರೇನ?"

"ಖರೇ ರೀ."

"ಎಷ್ಟ ಕಟ್ಟೀರಿ?"

"ಇಪ್ಪತ್ತಮೂರು. ಇಪ್ಪತ್ತನಾಕನೇದಕ್ಕ ಇನ್ನ ರೆಕ್ಕಿ ಹಚ್ಚಬೇಕ್ರಿ."

"ಎಲ್ಲೆ ಇಟ್ಟೀರಿ ಅಷ್ಟೂ?"

"ಮನ್ಯಾಗ ರೀ. ಧೂಳ ಕುಂದರತೈತಂತ ಬಾಗಲಾ ಹಾಕಿ ಇಡತೀನಿ."

"ಬಾಪ್ ರೇ! ಒಂದರ ತೂಕ ಎಷ್ಟ ಆಗತೈತ್ರಿ?"

"ಬಣ್ಣಾ ಹಚ್ಚಿದ ಮ್ಯಾಲೆ ಐದೂವರಿ."

ಕಬ್ಬಿನ ಕಾಟಾದವನು ಐದೂವರೆ ಎಂದರೆ ಅದು ಟನ್ನಲ್ಲದೆ ಮತ್ತೇನು? ಕಾಕಾಸಾಹೇಬರು ಬಿಡಿಸಿ ಕೇಳಲಿಲ್ಲ. ಕೇಳದ್ದನ್ನು ಜ್ಞಾನದೇವ ಹೇಳಲಿಲ್ಲ.

"ಮಷೀನ್ಲೆ ಮಾಡತೀರೋ, ಕೈಲೆ?"

"ಕೈಲೇ ರೀ. ಎತ್ತಿ ಇಡಾಕಷ್ಟ ಒಂದ ಚಿಮಟಾ ಬೇಕಾಗತೈತಿ."

ವಿಮಾನ ಎತ್ತಿಡುವ ಚಿಮಟ ಎಂದರೆ ಅದು ಕ್ರೇನೇ ಇರಬೇಕೆಂದು ಕಾಕಾಸಾಹೇಬರು ತಿಳಿದುಕೊಂಡರು. ಈಗ ಅವರ ದನಿ ಪಿಸುಮಾತಿಗೆ ಇಳಿಯಿತು. "ಸರಕಾರದವರಿಗೆ ಗೊತ್ತೈತೇನ್ರಿ?"

"ಇನ್ನೂ ಯಾರೂ ಕೇಳಿಲ್ರಿ."

"ಅರೆ ವ್ಹಾ! ಬರೋಬರಿ, ಬರೋಬರಿ. ನಾನೂ ಯಾರಿಗೂ ಹೇಳೂದಿಲ್ಲ. ನೋಡ್ರಿ ಸಾಹೇಬ್ರ, ನಂಗ ಬ್ಯಾರೇ ಏನೂ ಬ್ಯಾಡ. ಲಗ್ನದ ದಿನಾ ನಿಮ್ಮದೊಂದ ವಿಮಾನ ನಿಪ್ಪಾಣಿಗಿ ಬರಬೇಕು. ಡಿಝೆಲ್ ನಾ ಹಾಕ್ಸತೀನಿ."

ಜ್ಞಾನದೇವನ ಕಣ್ಣುಗಳು ತುಂಬಿದವು. ತನ್ನ ಕೈಕೆಲಸವನ್ನು ಒಬ್ಬರು ಇಷ್ಟು ಆಸೆಯಿಂದ ಕೇಳುತ್ತಿದ್ದಾರೆ. ಡಿಝೆಲ್ಲು ಮದುವೆ ಮೆರವಣಿಗೆಯ ಜೀಪಿಗಿರಬಹುದು. "ಒಂದ್ಯಾಕ್ರಿ, ಎರಡ ಕೊಡತೀನಿ" ಎಂದ.

ಒಳಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದಾಗ ಉಜ್ವಲಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಅಯ್ಯ ಶಿವನ, ಅವರು ಖರೇ ವಿಮಾನ ಅನಕೊಂಡಾರ!"

"ನಂದೂ ಖರೇನ" ಎಂದ ಜ್ಞಾನದೇವ, ಸ್ವಲ್ಪ ನೊಂದು.

"ಖರೇ ಅಂದ್ರ ಮಂದಿ ಕುಂದರೂದ್ರಿ! ಡಿಝೆಲ್ ಹಾಕೂದು! ಈಗಿಂದೀಗ ಫೋನ್ ಹಚ್ಚಿ ಹೇಳ್ರಿ. ಆಮ್ಯಾಲೆ ಗೊತ್ತಾದ್ರ ಸೋಯರಿಕಿ ಮುರೀತೈತಿ. ನೀಲಮ ಮತ್ತ ಯಾರಿಗೂ ಹೂಂ ಅನ್ನಾಕಿ ಅಲ್ಲ."

ಜ್ಞಾನದೇವ ಮತ್ತೆ ಗೋಡೆಗೆ ಹೋಗಿ ಫೋನು ಹಚ್ಚಿದ. ಅತ್ತಲಿಂದ, "ಬೋಲಾ ಸಾಹೇಬ! ಏನ ಅಪ್ಪಣಿ?" ಎಂಬ ಗರ್ಜನೆ ಬಂತು. ಹಿಂದೆ ನಾಲ್ಕಾರು ಜನರ ಗದ್ದಲವೂ ಕೇಳಿಸಿತು. ಯಾರೋ ಯಾರಿಗೋ, "ಅವರೇ ನೋಡ, ವಿಮಾನದ ಸಾಹೇಬ್ರು" ಎನ್ನುತ್ತಿದ್ದರು. ಜ್ಞಾನದೇವ ಬಾಯಿ ತೆರೆದ. ಬೆನ್ನು ಮತ್ತೆ ನೆಟ್ಟಗಾಯಿತು. "ಊಟಾ ಆತೇನ್ರಿ?" ಎಂದು ಕೇಳಿ ಫೋನಿಟ್ಟ. ಬೆಳಗಿನ ಎಂಟು ಗಂಟೆಯಾಗಿತ್ತು.

ಅವನು ತಪ್ಪು ಮಾಡಿದ್ದು ಇದೊಂದೇ. ಆದರೆ ಐದೂವರೆ ಗ್ರಾಮಿನ ಆ ತಪ್ಪು ಸಂಜೆಯೊಳಗೆ ಐದೂವರೆ ಟನ್ನಾಯಿತು.

ಯಾಕೆಂದರೆ ಆ ಗೋಡೆಯ ಆಚೆ ತಾರವ್ವ ಇದ್ದಳು. ಪಕ್ಕದ ಮನೆಯ ತಾರವ್ವ ಬೆಳಗಿನಿಂದ ಸಂಜೆಯವರೆಗೆ ಅದೇ ಗೋಡೆಯ ಹತ್ತಿರ ಏನಾದರೂ ಒಣಗಿಸುತ್ತಿದ್ದಳು. ಒಣಗಿಸಲು ಏನೂ ಇಲ್ಲದ ದಿನವೂ ಅಲ್ಲಿರುತ್ತಿದ್ದಳು. ಇಪ್ಪತ್ತಮೂರು ವಿಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಹಪ್ಪಳ ಬಿಟ್ಟು, ಬುಟ್ಟಿಯಲ್ಲಿ ಗೋಧಿ ಹಾಕಿಕೊಂಡು ಗಿರಣಿಗೆ ನಡೆದಳು. ಹಿಟ್ಟಿನ ಗಿರಣಿಯಲ್ಲಿ ಗುಟ್ಟು ಹೇಳುವುದಕ್ಕೆ ಒಂದು ಅಡಚಣೆಯಿದೆ. ಕಿರುಚದೆ ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ.

"ಯಾರಿಗೂ ಹೇಳಬ್ಯಾಡ್ರೇ!" ಎಂದು ತಾರವ್ವ ಕಿರುಚಿದಳು. "ಜ್ಞಾನದೇವ ವಿಮಾನಾ ತರಸಾಕತ್ತಾನಂತ! ಇಪ್ಪತ್ತಮೂರು!"

"ಇಳಸೂದೆಲ್ಲಿ?" ಎಂದು ಇನ್ನೊಬ್ಬಳು ಕಿರುಚಿದಳು.

ಅದೇ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಊರಿನ ಪ್ರಶ್ನೆಯಾಯಿತು. ಇಪ್ಪತ್ತಮೂರು ವಿಮಾನ ಅಂದ ಮೇಲೆ ಇಳಿಸಲು ನಿಲ್ದಾಣ ಬೇಕು, ನಿಲ್ದಾಣಕ್ಕೆ ಭೂಮಿ ಬೇಕು, ಭೂಮಿಗೆ ಸರಕಾರ ಪರಿಹಾರ ಕೊಡಬೇಕು. ಸಂಜೆ ಸಿದ್ದಲಿಂಗ ಎರಡು ಕಿಲೋ ಒಣದ್ರಾಕ್ಷಿ ಹಿಡಿದುಕೊಂಡು ಜ್ಞಾನದೇವನ ಅಂಗಳಕ್ಕೆ ಬಂದ. ಸಿದ್ದಲಿಂಗನಿಗೆ ಕಬ್ಬು, ದ್ರಾಕ್ಷಿ ಎಲ್ಲ ಇದ್ದವು. ಜೊತೆಗೆ, ನೀರುಣಿಸಿ ನೀರುಣಿಸಿ ಸವಳಾದ ಒಂಬತ್ತು ಎಕರೆ ನೆಲವೂ ಇತ್ತು. ಉಪ್ಪು ಬೆಳ್ಳಗೆ ಹೂತ ಆ ನೆಲದಲ್ಲಿ ಕಸವೂ ಹುಟ್ಟುತ್ತಿರಲಿಲ್ಲ.

"ತಮ್ಮಾ, ಸರಕಾರಕ್ಕ ನನ್ನ ಹೊಲಾ ತೋರಸು. ಒಂದ ಗಿಡಾ ಇಲ್ಲ, ಕಂಟಿ ಇಲ್ಲ. ವಿಮಾನಕ್ಕ ಅಂತನ ದೇವರು ಮಾಡಿದ್ದದು."

"ಅಣ್ಣಾರ, ಅವು ಸಣ್ಣ ವಿಮಾನ ಅದಾವ್ರಿ."

"ಇರಲಿ. ಮೊದಲ ಸಣ್ಣೂ ಬರಲಿ. ದೊಡ್ಡೂ ಆಮ್ಯಾಲೆ ಬರತಾವು."

"ಭಾಳ ಸಣ್ಣೂ."

"ಎಷ್ಟ ಮಂದಿ ಕುಂದರತಾರು?"

ಜ್ಞಾನದೇವ ನೆನಪು ಮಾಡಿಕೊಂಡು, "ಒಂದರಾಗ ಒಬ್ಬ" ಎಂದ.

"ಹಂಗಾರ ಖಾಸಗೀವು! ದೊಡ್ಡ ಮಂದೀವು!" ಸಿದ್ದಲಿಂಗ ದ್ರಾಕ್ಷಿಯ ಚೀಲವನ್ನು ಅವನ ಮಡಿಲಿಗಿಟ್ಟು ಎದ್ದ. ಮಾರನೆಯ ದಿನವೇ ಎರಡು ಟ್ರ್ಯಾಕ್ಟರ್ ಹಚ್ಚಿ ಸವಳು ನೆಲವನ್ನು ಹಾಸುಗಲ್ಲಿನಂತೆ ಸಮ ಮಾಡಿಸಿದ. ಪೇಪರಿನಲ್ಲಿ ಬಂದ ಚಿತ್ರ ನೋಡಿ ನಡುವೆ ಸುಣ್ಣದ ಗೆರೆ ಎಳೆಸಿದ. ಸುದ್ದಿ ಕೇಳಿ ಮಿಕ್ಕ ಸವಳು ನೆಲದವರಿಗೆ ಹೊಟ್ಟೆಯುರಿಯಾಯಿತು. ನದಿಯ ಕಡೆಯ ಹೊಲಗಳವರು, ಗಾಳಿ ತಮ್ಮ ಕಡೆಯೇ ಚೆನ್ನಾಗಿದೆಯೆಂದು ಸಭೆ ಮಾಡಿದರು. ಮೊದಲೆಲ್ಲ ತಮ್ಮ ಹೊಲ ಬಂಗಾರ ಎನ್ನುತ್ತಿದ್ದವರು ಈಗ, "ನಮ್ಮ ಹೊಲದಾಗ ಏನೇನೂ ಬೆಳ್ಯಾಂಗಿಲ್ರಿ" ಎಂದು ಪೈಪೋಟಿಯಲ್ಲಿ ಆಣೆ ಮಾಡತೊಡಗಿದರು. ಸೋತವರಲ್ಲಿ ಯಾರೋ ಒಬ್ಬರು "ಊರಿನ ಹಿತಚಿಂತಕ" ಎಂದು ಸಹಿ ಹಾಕಿ ಪೊಲೀಸರಿಗೆ ಒಂದು ಕಾಗದ ಬರೆದರು.

ಜ್ಞಾನದೇವ ಊರಿಗೆ ನಿಜ ಹೇಳಲು ಹೊರಟದ್ದುಂಟು. ಚಹಾದ ಅಂಗಡಿಗೆ ಹೋಗಿ, "ಇಲ್ಲಿ ಯಾವ ವಿಮಾನ ನಿಲ್ದಾಣಾನೂ ಆಗೂದಿಲ್ಲ" ಎಂದು ಗಟ್ಟಿಯಾಗಿ ಹೇಳಿದ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೇಳಬ್ಯಾಡ ಅಂತ ಮ್ಯಾಲಿನವರು ಹೇಳ್ಯಾರ" ಎಂದು ಒಬ್ಬ ಪಿಸುಗುಟ್ಟಿದ. ಚಹಾದವನು ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ, ಎರಡೂ ಕೈಯಿಂದ ಮುಂದಿಟ್ಟ.

ಹೀಗೆ ಆದಿತ್ಯವಾರ ಬಂತು. ಅವತ್ತು ನಿಪ್ಪಾಣಿಯವರು ಮನೆ ನೋಡಿ ಮದುವೆಯ ದಿನ ಗೊತ್ತು ಮಾಡಲು ಬರುವುದಿತ್ತು.

ಅವರಿಗಿಂತ ಮೊದಲು ಬಂದವನು ಹವಾಲ್ದಾರ ಜಕ್ಕಪ್ಪ. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವನು ಸೈಕಲ್ಲು, ಪಂಪ್‌ಸೆಟ್ಟು, ಕುರಿ, ಎಲ್ಲದರ ಪಂಚನಾಮೆ ಬರೆದಿದ್ದ. ವಿಮಾನದ್ದು ಬರೆದಿರಲಿಲ್ಲ. ಅದಕ್ಕೇ ಹೊಸ ಪೆನ್ನು ತಂದಿದ್ದ.

"ನೀ ಏನಪಾ ಜ್ಞಾನದೇವ? ನಿನ್ನ ಮ್ಯಾಲೆ ಅರ್ಜಿ ಐತಿ. ವಿಮಾನಾ ಎಲ್ಲಿ ಅದಾವು?"

"ಕಪಾಟಿನಾಗ ರೀ."

"ಪೊಲೀಸರ ಮುಂದ ಚಾಷ್ಟಿ ಮಾಡತಿ ಏನ್ ಲೇ?"

"ಇಲ್ರಿ. ಮೊದಲ ಗ್ವಾಡಿ ಮಾಡದಾಗ ಇದ್ದು. ಇಲಿ ಕಾಟಕ್ಕ ಕಪಾಟಿಗಿ ಹಾಕಿದೆ."

ಜಕ್ಕಪ್ಪ ಲಾಠಿ ಎತ್ತಬೇಕೋ ಪೆನ್ನು ಎತ್ತಬೇಕೋ ತಿಳಿಯದೆ ನಿಂತಿದ್ದಾಗ ಹೊರಗೆ ಧೂಳೆಬ್ಬಿಸುತ್ತ ಎರಡು ಜೀಪು, ಒಂದು ಮಿನಿಬಸ್ಸು ಬಂದು ನಿಂತವು. ಮೂವತ್ತೊಂದು ಜನ ಇಳಿದರು. ತಲೆಗೆ ಗುಲಾಬಿ ಪಟಗಾ ಸುತ್ತಿದ ಕಾಕಾಸಾಹೇಬರು ಬರುವ ದಾರಿಯಲ್ಲೇ ಸಮತಟ್ಟಾದ ಸವಳು ನೆಲವನ್ನು ನೋಡಿದ್ದರು, ಸುಣ್ಣದ ಗೆರೆ ನೋಡಿದ್ದರು. ಈಗ ಬಾಗಿಲಲ್ಲಿ ಖಾಕಿ ನೋಡಿದರು. ಎದೆ ಉಬ್ಬಿಸಿ ತಮ್ಮವರತ್ತ ತಿರುಗಿದರು.

"ಬಘಾ, ನೋಡ್ರಿ! ನಾ ಹೇಳಿದ್ನೋ ಇಲ್ಲೋ? ಪೊಲೀಸ್ ಬಂದೋಬಸ್ತ್!"

ಅವರ ಹಿಂದೆ ಅವರ ಹೆಂಡತಿ ಅಕ್ಕುತಾಯಿ, ಮಗ ವಿಕ್ರಾಂತ. ಅವರ ಹಿಂದೆ ಇಡೀ ಅಲಖನೂರು. ಅಡುಗೆಮನೆಯ ಬಾಗಿಲಲ್ಲಿ ಹೊಸ ಸೀರೆಯುಟ್ಟ ನೀಲಮ ಕಂಬ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಜ್ಞಾನದೇವನಿಗೆ ಮುಂದೆ ತಡೆಯಲಾಗಲಿಲ್ಲ. ಹಿತ್ತಲ ಕೋಣೆಗೆ ಹೋಗಿ ಕಪಾಟು ತೆರೆದ. ಹತ್ತಿ ಹಾಸಿದ ದೊಡ್ಡ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನಡುಮನೆಯ ಹೊರಸಿನ ಮೇಲಿಟ್ಟ.

ಇಪ್ಪತ್ತಮೂರು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಸಾಲಾಗಿ ನಿಂತಿದ್ದವು. ಹಸಿರು, ಬೂದಿ, ಮಣ್ಣಿನ ಬಣ್ಣ. ಒಂದೊಂದೂ ಎಲೆಯಡಿಕೆಯ ಒಂದು ಎಲೆಯಷ್ಟು.

ಒಂದು ನೊಣ ಬಂದು ಹಸಿರು ವಿಮಾನವೊಂದರ ಮೇಲೆ ಕೂತಿತು. ವಿಮಾನ ಪೂರ್ತಿ ಮುಚ್ಚಿಹೋಗದಿದ್ದರೂ ಮೂತಿ ಕಾಣದಾಯಿತು.

ಮೊದಲು ಚೇತರಿಸಿಕೊಂಡವನು ಜಕ್ಕಪ್ಪ. ಕಾಗದ ತಂದ ಮೇಲೆ ಬರೆಯಲೇಬೇಕು. ಪೆನ್ನಿನ ಟೊಪ್ಪಿಗೆ ತೆಗೆದು ಗಟ್ಟಿಯಾಗಿ ಹೇಳುತ್ತ ಬರೆಯತೊಡಗಿದ. "ಸದರಿ ಮನೆಯಲ್ಲಿ ಇಪ್ಪತ್ತಮೂರು ವಿಮಾನಗಳು ಕಂಡುಬಂದಿದ್ದು... ಉದ್ದ?"

"ಎರಡೂವರಿ ಇಂಚ ರೀ."

"ಚಾಲಕರು?"

"ಒಳಗ ಅದಾರ್ರಿ."

ಜಕ್ಕಪ್ಪ ಬಗ್ಗಿ ನೋಡಿದ. ಇದ್ದರು. "ಹಾರತಾವೇನ?"

"ಇಲ್ರಿ. ಒಮ್ಮೆ ಮಾತ್ರ ಫ್ಯಾನ್ ಹಚ್ಚಿದಾಗ ಒಂದ ಹಾರಿ, ಎಮ್ಮಿ ಗ್ವಾದಲ್ಯಾಗ ಬಿತ್ತು."

"ಒಂದು ಅಪಘಾತ" ಎಂದು ಜಕ್ಕಪ್ಪ ಬರೆದುಕೊಂಡ. "ಪ್ರಾಣಹಾನಿ?"

"ಎಮ್ಮಿ ಬೆದರಿತ್ರಿ, ಅಷ್ಟ."

ಕಾಕಾಸಾಹೇಬರು ಜೋಳದ ಚೀಲದ ಮೇಲೆ ಕುಸಿದು ಕೂತಿದ್ದರು. ಪಟಗಾ ಒಂದು ಕಿವಿಯ ಮೇಲೆ ಜಾರಿತ್ತು. "ಇಡೀ ನಿಪ್ಪಾಣಿಗಿ ಹೇಳೀನಿ" ಎಂದರು. ಆ ದೊಡ್ಡ ದನಿ ಮೊದಲ ಬಾರಿಗೆ ಪಕ್ಕದವರಿಗಷ್ಟೇ ಕೇಳಿಸಿತು. "ಲಗ್ನದ ದಿನಾ ವಿಮಾನ ಬರತೈತಿ, ಗಚ್ಚಿ ಮ್ಯಾಲೆ ನಿಂತ ನೋಡ್ರಿ ಅಂತ ಮನಿ ಮನಿಗಿ ಹೇಳೀನಿ." ಆಮೇಲೆ ದನಿ ಮರಳಿ ಬಂತು. "ಮೋಸ! ಶುದ್ಧ ಮೋಸ! ಏಳ್ರಿ ಎಲ್ಲಾರು! ಚಲಾ, ಗಾಡಿ ಹತ್ರಿ!"

ಬಾಗಿಲಿನಿಂದ ಸಿದ್ದಲಿಂಗನ ದನಿಯೂ ಬಂತು. "ಮತ್ತ ನನ್ನ ಒಂಬತ್ತ ಎಕರೆ?"

ಜ್ಞಾನದೇವ ಕಾಕಾಸಾಹೇಬರ ಎದುರಿಗೆ ಹೋಗಿ ನಿಂತ. ಅವನ ಜೀವನದಲ್ಲಿ ಯಾರೂ ಕೇಳದಿದ್ದನ್ನು ತಾನಾಗಿ ಹೇಳಿದ್ದು ಅದೇ ಮೊದಲು.

"ತಪ್ಪ ನಂದ್ರಿ. ನಿಮಗ ತಪ್ಪ ತಿಳಿದೈತಿ ಅಂತ ಅವತ್ತ ಎಂಟ ಗಂಟೇಕ್ಕನ ನಂಗ ಗೊತ್ತಾಗಿತ್ತು. ಹೇಳಾಕಂತನ ಫೋನ್ ಹಚ್ಚಿದ್ನಿ. ನೀವು ಸಾಹೇಬ್ರ ಅಂದ್ರಿ. ಛಲೋ ಅನಿಸ್ತು. ಸುಮ್ನಾದೆ. ನಾ ಯಾ ಸಾಹೇಬನೂ ಅಲ್ರಿ, ಕಬ್ಬ ತೂಗಾಂವ. ನನಗೇನ ಬೈತೀರಿ ಬೈರಿ. ಇದರಾಗ ನನ್ನ ತಂಗೀದು ಏನೂ ಇಲ್ಲ."

"ಬೈಯೂದೇನ ಉಳದೈತಿ! ವಿಕ್ರಾಂತ, ಗಾಡಿ ಹತ್ತು!"

ವಿಕ್ರಾಂತ ಹತ್ತಲಿಲ್ಲ. ಹಣೆ ಒರೆಸಿಕೊಂಡು, "ಅಪ್ಪಾ, ನಾ ವಿಮಾನದ ಜೋಡಿ ಲಗ್ನಾ ಆಗಾಕ ಬಂದಿಲ್ಲ" ಎಂದ.

"ನೀ ಬಾಯಿ ಮುಚ್ಚು!"

"ನೀವು ಮುಚ್ಚರಿ" ಎಂದಿತು ಇನ್ನೊಂದು ದನಿ.

ಅಕ್ಕುತಾಯಿ. ಇಷ್ಟು ಹೊತ್ತೂ ಆಕೆ ಯಾರ ಕಡೆಯೂ ನೋಡಿರಲಿಲ್ಲ. ಹೊರಸಿನ ಪಕ್ಕ ನೆಲದ ಮೇಲೆ ಕೂತು, ಚಷ್ಮಾವನ್ನು ಮೂಗಿನ ತುದಿಗೆ ಸರಿಸಿ, ಒಂದು ವಿಮಾನವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ತಮ್ಮಾ, ಇಲ್ಲಿ ಬಾ. ಈ ಒಳಗ ಕುಂತಾಂವ ಯಾರು?"

"ಪೈಲಟ್ ರೀ ಅಕ್ಕಾರ. ಡಬ್ಬ್ಯಾಗ ಬಂದಿರಲಿಲ್ಲ. ಕಡ್ಡಿ ಕಾಸಿ ಎಳದು, ನಾನ ಮಾಡಿದೆ."

"ಸಾಸಿವಿಯಷ್ಟ ತಲಿ ಐತಿ. ಅದಕ್ಕ ಕಣ್ಣ ಬರದೀ ಅಲೋ!"

"ಹೌದ್ರಿ."

"ಯಾತರಲೆ?"

"ಎಮ್ಮಿ ಕಿವಿದು ಒಂದ ಕೂದಲಾ ರೀ."

"ಎಷ್ಟ ದಿನಾ ಹಿಡೀತು?"

"ಮೂರ ದಿನಾ. ಎರಡ ದಿನಾ ಕೈ ನಡಗಿ ಕೆಟ್ಟ ಹೋತು. ಮೂರನೇ ದಿನಾ ಉಸರ ಹಿಡದ ಬರದೆ. ಒಂದ ಕಣ್ಣ ಆದಿಂದ ಹೊರಗ ಹೋಗಿ ನೀರ ಕುಡದ ಬಂದು, ಇನ್ನೊಂದ ಬರದೆ."

ಅಕ್ಕುತಾಯಿ ಅವನ ಬಲಗೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ತುದಿಗಳು ಅಂಟಿನಿಂದ ಒರಟಾಗಿದ್ದವು. ಆಮೇಲೆ ತನ್ನ ಕೈಯನ್ನು ಅದರ ಪಕ್ಕದಲ್ಲಿಟ್ಟಳು. ಆ ಬೆರಳ ತುದಿಗಳೂ ಹಾಗೇ ಇದ್ದವು.

"ನಮ್ಮ ದೊಡ್ಡ ಮನಿ, ಜೋಕಾಲಿ ಎಲ್ಲಾ ಈಚೀಗಿಂದು" ಎಂದಳು ಆಕೆ, ಗಂಡನ ನೆಂಟರೆಲ್ಲರೂ ಕೇಳುವಂತೆ. "ನಾ ಹದಿನೈದು ವರ್ಷ ದಿನಾ ಸಾವಿರ ಬೀಡಿ ಕಟ್ಟೀನಿ. ಎಲಿ ಒಂದ ಕೂದಲೆಳಿ ಹೆಚ್ಚ ಕಡಿಮಿ ಕತ್ತರಿಸಿದ್ರ ಕಾರಖಾನ್ಯಾಗ ಬಾಜೂಕ ಒಗೀತಿದ್ರು. ಬೆರಳಿನ ಕೆಲಸಾ ಅಂದ್ರ ಏನ ಅಂತ ಇವರಿಗೇನ ಗೊತ್ತು? ಇಂಥಾ ಸಣ್ಣ ಮಾರಿಗಿ ಮೂರ ದಿನಾ ಕುಂತು ಕಣ್ಣ ಬರಿಯೂ ಮನಿತನದ ಹುಡುಗಿ, ನನ್ನ ಮನ್ಯಾಗ ಯಾವದನ್ನೂ ಅರ್ಧಾ ಬಿಡೂದಿಲ್ಲ. ಲಗ್ನಾ ಆಗತೈತಿ. ಕುಂದರ್ರಿ ಎಲ್ಲಾರು."

ನಿಪ್ಪಾಣಿಯವರೆಲ್ಲ ಕೂತರು. ಅಲಖನೂರಿನವರೂ ಎಲ್ಲೆಲ್ಲಿದ್ದರೋ ಅಲ್ಲಲ್ಲೇ ಕೂತರು. ಕಾಕಾಸಾಹೇಬರು ಮೊದಲೇ ಕೂತಿದ್ದರು. ಚಿಕ್ಕ ದನಿಯಲ್ಲಿ ಅವರು, "ಮತ್ತ ನಿಪ್ಪಾಣಿ ಮಂದಿಗಿ ಏನ ಹೇಳ್ಲಿ? ವಿಮಾನ ಬರತೈತಿ ಅಂದೀನಿ" ಎಂದರು.

"ಬರತೈತಿ ಅಂದೀರಿ. ಎಷ್ಟ ದೊಡ್ಡದು ಅಂತ ಹೇಳೀರೇನು?"

ಕಾಕಾಸಾಹೇಬರು ಬಹಳ ಹೊತ್ತು ನೆನಪು ಮಾಡಿಕೊಂಡರು. ಒಬ್ಬೊಬ್ಬರಿಗೆ ಏನೇನು ಹೇಳಿದ್ದೆನೆಂದು ಬೆರಳು ಮಡಿಚಿ ಎಣಿಸಿದರು. ಕೊನೆಗೆ ಪಟಗಾ ನೆಟ್ಟಗೆ ಮಾಡಿಕೊಂಡು, "ಇಲ್ಲ. ಅದನ್ನ ಹೇಳಿಲ್ಲ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ನೀಲಮ ಕಂಬ ಬಿಟ್ಟಳು. ರುಕ್ಮವ್ವ ಸಕ್ಕರೆಯ ಡಬ್ಬಿ ಹುಡುಕಲು ಓಡಿದಳು. ಜಕ್ಕಪ್ಪ, "ಸದರಿ ವಿಮಾನಗಳಿಂದ ಸಾರ್ವಜನಿಕ ಶಾಂತತೆಗೆ ಭಂಗವಿಲ್ಲ" ಎಂದು ಬರೆದು ಮುಗಿಸಿ, ಸಾಕ್ಷಿಗೆಂದು ಕಾಕಾಸಾಹೇಬರ ಮತ್ತು ಸಿದ್ದಲಿಂಗನ ಸಹಿ ಹಾಕಿಸಿಕೊಂಡ. ಸಕ್ಕರೆ ಬಾಯಿಗೆ ಹಾಕಿಕೊಂಡು ಹೋಗುವಾಗ ಜ್ಞಾನದೇವನನ್ನು ಪಕ್ಕಕ್ಕೆ ಕರೆದು, ಪೊಲೀಸ್ ಜೀಪನ್ನೂ ಹೀಗೆ ಪುಟ್ಟದಾಗಿ ಮಾಡಲು ಬರುತ್ತದೆಯೇ ಎಂದು ವಿಚಾರಿಸಿದ.

ಮದುವೆ ಮೇ ತಿಂಗಳಲ್ಲಿ ಆಯಿತು. ಮಂಟಪ ಹಾಕಲು ಊರಲ್ಲಿ ಅಷ್ಟು ಸಮನಾದ ಜಾಗ ಸಿದ್ದಲಿಂಗನದೊಂದೇ ಇತ್ತು. ಸುಣ್ಣದ ಗೆರೆಯ ಎರಡೂ ಬದಿಗೆ ಊಟದ ಪಂಕ್ತಿ ಕೂರಿಸಿದರು. ಇಷ್ಟು ನೆಟ್ಟನೆಯ ಪಂಕ್ತಿಯನ್ನು ಚಿಕ್ಕೋಡಿಯಲ್ಲೂ ಕಂಡಿಲ್ಲವೆಂದು ನಿಪ್ಪಾಣಿಯ ಅಡುಗೆಯವರು ಹೇಳಿದರು. ಆಮೇಲಿಂದ ಸುತ್ತಲಿನ ಊರುಗಳ ಮದುವೆಗಳಿಗೂ ಆ ಹೊಲವನ್ನೇ ಕೇಳಿಕೊಂಡು ಬರತೊಡಗಿದರು. ಸಿದ್ದಲಿಂಗ ಅದನ್ನು ಇವತ್ತಿಗೂ ನಿಲ್ದಾಣ ಎಂದೇ ಕರೆಯುತ್ತಾನೆ.

ಮೂರು ಗಂಟೆಗೆ ಹೆಣ್ಣನ್ನು ಕಳಿಸುವ ಹೊತ್ತಾಯಿತು. ನೀಲಮ ಅಳುತ್ತ ಬಂದು ಅಣ್ಣನ ಮುಂದೆ ಎರಡೂ ಅಂಗೈ ಚಾಚಿದಳು. ಜ್ಞಾನದೇವ ಬೆಳಿಗ್ಗೆಯಿಂದ ಜೇಬಿನಲ್ಲಿ ಹತ್ತಿಯಲ್ಲಿ ಸುತ್ತಿಟ್ಟುಕೊಂಡಿದ್ದ ಇಪ್ಪತ್ತನಾಲ್ಕನೆಯ ವಿಮಾನವನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ರೆಕ್ಕೆ ಹಚ್ಚಿ ನಾಲ್ಕೇ ದಿನವಾಗಿತ್ತು. ಹೇಳಬೇಕೆಂದು ಅವನು ಬಹಳ ಯೋಚಿಸಿ ಇಟ್ಟುಕೊಂಡಿದ್ದ. ಬಾಯಿಂದ ಬಂದದ್ದು, "ಬಾಲಾ ಜ್ವಾಕಿ" ಎಂಬುದೊಂದೇ.

ಮುಂದಿನ ಜೀಪಿನಲ್ಲಿ ಮದುಮಕ್ಕಳು, ಹಿಂದಿನದರಲ್ಲಿ ಜ್ಞಾನದೇವ, ಉಜ್ವಲಾ. ಚಿಕ್ಕೋಡಿ ದಾಟಿ ನಿಪ್ಪಾಣಿಯವರೆಗೆ ರಸ್ತೆಯಲ್ಲಿ ತಗ್ಗಿಗೆ ಲೆಕ್ಕವಿರಲಿಲ್ಲ. ಪ್ರತಿ ತಗ್ಗಿಗೂ ಜ್ಞಾನದೇವ ಉಸಿರು ಹಿಡಿದ. ಮುಂದಿನ ಜೀಪಿನ ಹಿಂಗಾಜಿನಲ್ಲಿ ತಂಗಿಯ ಎರಡು ಮೊಣಕೈ ಕಾಣುತ್ತಿದ್ದವು. ಅವು ಒಮ್ಮೆಯೂ ಅಲುಗಲಿಲ್ಲ. ಎಲ್ಲೋ ಒಂದು ಕಡೆ, ಅವಳ ಕೈ ಸೋತಿರಬೇಕೆಂದು ವಿಕ್ರಾಂತ ತನ್ನ ಕೈಯನ್ನು ಅವಳ ಮೊಣಕೈಯ ಕೆಳಗೆ ಆಸರೆಗಿಟ್ಟದ್ದೂ ಕಂಡಿತು. ಜ್ಞಾನದೇವ ಆಗ ಉಸಿರು ಬಿಟ್ಟು ಹೊಲಗಳ ಕಡೆ ನೋಡತೊಡಗಿದ.

ನಿಪ್ಪಾಣಿಯಲ್ಲಿ ಓಣಿಯ ಎರಡೂ ಬದಿಯ ಮನೆಗಳ ಮೇಲಿನ ಗಚ್ಚಿಗಳು ತುಂಬಿದ್ದವು. ಹೆಂಗಸರು, ಮುದುಕರು, ತಂಬಾಕಿನ ಗೋದಾಮಿನ ಹಮಾಲರು, ಎಲ್ಲರೂ ಹಣೆಗೆ ಕೈ ಹಚ್ಚಿ ಆಕಾಶ ನೋಡುತ್ತಿದ್ದರು. ಕೆಳಗೆ ಜೀಪು ಬಂದು ನಿಂತಿತು. ನೀಲಮ ಇಳಿದಳು. ಸೆರಗಿನ ಮರೆಯಲ್ಲಿ ಎರಡು ಅಂಗೈಗಳ ನಡುವೆ ವಿಮಾನ ಹಿಡಿದುಕೊಂಡು, ಅಷ್ಟೂ ಜನರ ಕಣ್ಣ ಕೆಳಗೆ ಹಾದು, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಅಕ್ಕುತಾಯಿ ದೇವರ ಗೂಡಿನ ಪಕ್ಕದ ಗೋಡೆಮಾಡವನ್ನು ಒರೆಸಿ ಇಟ್ಟಿದ್ದಳು. ವಿಮಾನ ಅಲ್ಲಿ ಇಳಿಯಿತು.

"ಕಾಕಾ, ವಿಮಾನ ಎಲ್ಲೈತಿ?" ಎಂದು ಯಾರೋ ಮೇಲಿನಿಂದ ಕೂಗಿದರು.

"ಬಂದ ಮುಟ್ಟೇತಿ!" ಎಂದು ಕಾಕಾಸಾಹೇಬರು ಕೆಳಗಿನಿಂದ ತಮ್ಮ ಪೂರ್ತಿ ದನಿಯಲ್ಲಿ ಹೇಳಿದರು. "ನೀವು ಎತ್ತ ನೋಡಾಕತ್ತಿದ್ರಿ?"

ಗಚ್ಚಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಣಲಿಲ್ಲವೆಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಮರುದಿನ ಪೇಟೆಯಲ್ಲಿ ಆರು ಜನ ತಾವು ಅದನ್ನು ಕಣ್ಣಾರೆ ಕಂಡೆವೆಂದು ಹೇಳಿದರು. ಅವರಲ್ಲಿ ಇಬ್ಬರು, ತೀರ ಕೆಳಗೆ ಹಾರಿಹೋದದ್ದರಿಂದ ತಲೆ ಬಗ್ಗಿಸಬೇಕಾಯಿತೆಂದರು.